ಚಿಂತೆಗೊಂದು ಹೊತ್ತು

ನಮ್ಮನೆಯವರಿಗೆ ಎದೆನೋವು ಬಂದದ್ದು 2022ರ ಶ್ರಾವಣದಲ್ಲಿ. ಅವರು ಉಳಿದರು. ನಾನು ಕೆಟ್ಟದ್ದು ಅವರು ಅಂಗಡಿಗೆ ಹೋಗಿ ಬರುವಷ್ಟು ಚೇತರಿಸಿಕೊಂಡ ಮೇಲೆ. ಮನೆಯಲ್ಲಿ ಎಲ್ಲ ಸರಿಹೋಯಿತು ಅಂತ ಊರು ಸಮಾಧಾನ ಪಟ್ಟುಕೊಂಡಾಗ, ನನ್ನ ತಲೆಯೊಳಗೆ ಮಾತ್ರ ಆ ರಾತ್ರಿ ಮುಗಿದಿರಲಿಲ್ಲ. ಹೀಗಾಗುವವರು ನಮ್ಮ ಕಡೆ ಬಹಳ ಜನ ಇದ್ದಾರೆ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸುರಪುರ. ಅವರದು ಬೀಜ, ಗೊಬ್ಬರದ ಅಂಗಡಿ. ನಾನು ಶಹಾಪುರ ತಾಲೂಕಿನ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಅತ್ತೆ, ಆಗ ಪಿಯುಸಿ ಓದುತ್ತಿದ್ದ ಮಗಳು. ಆ ರಾತ್ರಿ ಊಟ ಮಾಡಿ ಕೈ ತೊಳೆಯಲು ಎದ್ದವರು ಗೋಡೆ ಹಿಡಿದು ನಿಂತರು. ಹೊಟ್ಟೆಯುಬ್ಬರ ಇರಬೇಕು ಅಂದರು. ಬೆವರು ನೋಡಿ ನನಗೆ ಬೇರೆ ಅನುಮಾನ ಬಂತು. ಊರಿನ ಆಸ್ಪತ್ರೆಯಲ್ಲಿ ಇಸಿಜಿ ಆಯಿತು, ಕಲಬುರಗಿಗೆ ಒಯ್ಯಿರಿ ಅಂದರು. ಸುರಪುರದಿಂದ ಕಲಬುರಗಿ ನೂರು ಕಿಲೋಮೀಟರಿಗೂ ಹೆಚ್ಚು. ಶಹಾಪುರ ದಾಟಬೇಕು, ಜೇವರ್ಗಿ ದಾಟಬೇಕು, ಕಟ್ಟಿಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ ದಾಟಬೇಕು. ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾನು ನೋಡಿದ್ದು ರಸ್ತೆಯನ್ನಲ್ಲ, ಅವರ ಎದೆಯ ಮೇಲಿನ ಅಂಗಿಯನ್ನು. ಅದು ಮೇಲೆ ಬರುತ್ತದೆಯೋ, ಕೆಳಗೆ ಹೋಗುತ್ತದೆಯೋ ಅಂತ. ಕಣ್ಣು ಕದಲಿಸಿದರೆ ನಿಂತುಬಿಡುತ್ತದೆ ಅನ್ನಿಸಿತ್ತು. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ಅಂಗಡಿಯ ಕೀಲಿಕೈ ಎಲ್ಲಿ ಅಂತ.

ಮನೆಗೆ ಬಂದ ಮೇಲೂ ನಾನು ಅವರ ಅಂಗಿ ನೋಡುವುದು ಬಿಡಲಿಲ್ಲ. ರಾತ್ರಿ ಅವರು ಮಲಗಿದ ಮೇಲೆ ಮೊಬೈಲಿನ ಬೆಳಕನ್ನು ಬೆರಳಿನಿಂದ ಅರ್ಧ ಮುಚ್ಚಿ ಎದೆಯ ಮೇಲೆ ಹಾಯಿಸುವುದು. ಉಸಿರು ಕಂಡರೆ ಆರಿಸುವುದು. ಐದು ನಿಮಿಷಕ್ಕೆ ಮತ್ತೆ. ಅವರು ಮಗ್ಗುಲಾದರೆ ಹೆದರಿಕೆ, ಮಗ್ಗುಲಾಗದಿದ್ದರೆ ಇನ್ನೂ ಹೆದರಿಕೆ. ಗೊರಕೆ ಹೊಡೆದರೆ ಒಂದು ಸಮಾಧಾನ, ಗೊರಕೆ ನಿಂತರೆ ಎದ್ದು ಕೂರುವುದು. ಒಮ್ಮೊಮ್ಮೆ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ, ಅವರು ಗಾಬರಿಯಿಂದ ಎಚ್ಚರಾಗುತ್ತಿದ್ದರು. “ನಾ ಇನ್ನಾ ಅದೀನಿ, ಮಲಕ್ಕೊ” ಅಂದು ಮತ್ತೆ ಮಲಗುತ್ತಿದ್ದರು. ಬೆಳಗಿನ ಜಾವ ಹಾಲಿನವರ ಸದ್ದು ಕೇಳಿದಾಗ, ಇವತ್ತಿನ ರಾತ್ರಿ ದಾಟಿತು ಅಂತ ಲೆಕ್ಕ ಮುಗಿಸಿ ರೊಟ್ಟಿಗೆ ನೀರಿಡುತ್ತಿದ್ದೆ.

ಹಗಲು ಬೇರೆ ತರಹ. ಅವರು ಕಣ್ಣ ಮುಂದೆ ಇರುತ್ತಿರಲಿಲ್ಲ, ಆದ್ದರಿಂದ ಕಣ್ಣಿನ ಕೆಲಸವನ್ನು ತಲೆ ಮಾಡುತ್ತಿತ್ತು. ಅದು ಹೇಗೆ ಓಡುತ್ತಿತ್ತು ಅಂತ ಒಂದು ಉದಾಹರಣೆ ಹೇಳುತ್ತೇನೆ. ಮುಂಜಾನೆ ಅವರು ಎರಡು ಸಲ ಕೆಮ್ಮಿರುತ್ತಾರೆ. ಬಸ್ಸು ಹತ್ತುವಷ್ಟರಲ್ಲಿ, ಕೆಮ್ಮು ಯಾಕೆ ಬಂತು? ಎದೆಯಲ್ಲಿ ನೀರು ತುಂಬಿರಬಹುದೇ? ಇವತ್ತು ಗೊಬ್ಬರದ ಲಾರಿ ಬರುತ್ತದೆ, ಹಮಾಲರು ಬರದಿದ್ದರೆ ಇವರೇ ಚೀಲಕ್ಕೆ ಕೈ ಹಾಕುತ್ತಾರೆ. ಬಿದ್ದರೆ ಅಂಗಡಿಯಲ್ಲಿ ಯಾರಿರುತ್ತಾರೆ? ಅಂಗಡಿಯ ಹುಡುಗನಿಗೆ 108ಕ್ಕೆ ಫೋನ್ ಮಾಡಲು ತಿಳಿಯುತ್ತದೆಯೇ? ನಾನು ತರಗತಿಯಲ್ಲಿದ್ದರೆ ಫೋನು ಎತ್ತುವವರು ಯಾರು? ಆಮೇಲೆ ಉದ್ರಿ ಪುಸ್ತಕ ಯಾರಿಗೆ ಗೊತ್ತು? ಮಗಳನ್ನು ಓದಿಸುವುದು ಹೇಗೆ? ಅತ್ತೆಗೆ ಹೇಳುವುದು ಹೇಗೆ? ಹತ್ತಿಗೂಡೂರ ಕ್ರಾಸ್ ಬರುವ ಹೊತ್ತಿಗೆ ನಾನು ಹನ್ನೊಂದನೇ ದಿನದ ಕಾರ್ಯದ ತನಕ ಹೋಗಿ ಬಂದಿರುತ್ತಿದ್ದೆ. ಕಂಡಕ್ಟರ್ “ಅಕ್ಕೋರೆ, ನಿಮ್ಮ ಸ್ಟಾಪ್ ಬಂತ್ರಿ” ಅಂದಾಗಲೇ ಕಣ್ಣಿಗೆ ರಸ್ತೆ ಕಾಣುತ್ತಿತ್ತು. ಎರಡೂ ಬದಿಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತ, ಹತ್ತಿ, ಮೆಣಸಿನಕಾಯಿ. ಆ ವರ್ಷ ಭತ್ತ ಯಾವಾಗ ತೆನೆ ಕಟ್ಟಿತು, ಯಾವಾಗ ಕೊಯ್ಲಾಯಿತು, ನನಗೆ ನೆನಪೇ ಇಲ್ಲ. ದಿನಾ ಅದರ ನಡುವೆಯೇ ಹೋಗಿ ಬಂದಿದ್ದೇನೆ.

ಕಾಳಿಲ್ಲದೆ ತಿರುಗುವ ಬೀಸುವ ಕಲ್ಲಿನಂತಾಗಿತ್ತು ತಲೆ. ಹಿಟ್ಟು ಬರುವುದಿಲ್ಲ, ಕಲ್ಲು ಮಾತ್ರ ಸವೆಯುತ್ತದೆ.

ಇನ್ನೊಂದು ಸಂಗತಿಯೂ ಈ ಹೆದರಿಕೆಗೆ ಗೊಬ್ಬರ ಹಾಕಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು, ನಲವತ್ತಾರನೇ ವಯಸ್ಸಿಗೆ. ದಿನಾ ವ್ಯಾಯಾಮ ಮಾಡುತ್ತಿದ್ದ ಗಟ್ಟಿ ಮನುಷ್ಯ. ಆಗ ರಾಜ್ಯದ ಹೃದ್ರೋಗ ಆಸ್ಪತ್ರೆಗಳಿಗೆ ಏನೂ ಆಗದವರೂ ಸಾಲುಗಟ್ಟಿ ತಪಾಸಣೆಗೆ ಹೋದರು. ಮುಂದಿನ ವರ್ಷ ನಮ್ಮನೆಯವರಿಗೂ ನಲವತ್ತಾರೇ. ಗಣಿತ ಕಲಿಸುವವಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ ಅಂತ ಗೊತ್ತಿರಲೇಬೇಕು, ಗೊತ್ತೂ ಇತ್ತು. ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಮಾಡಿ ಹೊರಗೆ ಬಂದು, ವರಾಂಡದಲ್ಲಿ ನಿಂತು ಮನೆಗೆ ಫೋನು ಹಚ್ಚುತ್ತಿದ್ದೆ. ತಿಳಿವಳಿಕೆ ಒಂದು ಕಡೆ, ಹೆದರಿಕೆ ಒಂದು ಕಡೆ. ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿರಲಿಲ್ಲ. ಬುದ್ಧಿ ಹೇಳುವವರೆಲ್ಲ ಇದನ್ನು ತಿಳಿಯಬೇಕು ಅಂತ ನನ್ನ ಆಸೆ. “ಸುಮ್ಮನೆ ವಿಚಾರ ಮಾಡಬ್ಯಾಡ್ರಿ” ಅಂದವರು ಎಷ್ಟೋ ಮಂದಿ. ಮಾಡಬಾರದೆಂದು ನನಗೇ ಗೊತ್ತಿತ್ತು.

ಮನೆಯಲ್ಲಿ ನನ್ನ ಅವಸ್ಥೆ ಮೊದಲು ಕಂಡುಹಿಡಿದವರು ಅತ್ತೆ. ಅವರ ತವರು ಮುದನೂರಿನ ಹತ್ತಿರ. ನೇಕಾರ ವಚನಕಾರ ದೇವರ ದಾಸಿಮಯ್ಯನ ಊರು ಅದು. “ಯವ್ವಾ, ವಿಚಾರ ಹಚ್ಚಿಕೊಂಡ್ರ ಮನುಷ್ಯಾ ಒಣಗಿ ಹೋಗ್ತಾನ” ಅಂದು, ಭಾರತ ಹುಣ್ಣಿಮೆಗೆ ತಿಂಥಣಿ ಮೌನೇಶ್ವರನಿಗೆ ಬರುತ್ತೇವೆಂದು ನನ್ನ ಹೆಸರಿನಲ್ಲಿ ಹರಕೆ ಹೊತ್ತರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಜಾಗ ತಿಂಥಣಿ. ಕೃಷ್ಣೆಯ ದಂಡೆಯಲ್ಲೇ ಇದೆ. ಓಣಿಯ ಇನ್ನೊಬ್ಬರು ಗಾಳಿ ಸೋಕಿದೆ, ದಾರ ಕಟ್ಟಿಸಿ ಅಂದರು. ಕಟ್ಟಿಸಿಕೊಂಡೆ. ಅದನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಕಟ್ಟಿದವರಿಗೆ ನನ್ನ ಮೇಲೆ ಅಂತಃಕರಣ ಇತ್ತು. ನನ್ನ ಕಷ್ಟ ಅದರಿಂದ ಇಳಿಯಲಿಲ್ಲ, ಅಷ್ಟೇ.

ಆಮೇಲೆ ಮೈಗೂ ಇಳಿಯಿತು. ಎದೆ ಡವಡವ, ಕೈಬೆರಳು ಜೋಮು ಹಿಡಿಯುವುದು, ಗಂಟಲಲ್ಲಿ ಏನೋ ಸಿಕ್ಕಂತೆ, ತುತ್ತು ಇಳಿಯದು. ಈಗ ನನಗೇ ಹೃದಯದ ಕಾಯಿಲೆ ಬಂತು ಅಂದುಕೊಂಡೆ. ಇಸಿಜಿ ಮಾಡಿಸಿದೆ, ಚೆನ್ನಾಗಿದೆ ಅಂದರು. ಸಂಜೆಯವರೆಗೆ ನೆಮ್ಮದಿ. ರಾತ್ರಿ, ಯಂತ್ರ ಸರಿ ಇತ್ತೋ ಇಲ್ಲವೋ ಅನ್ನುವ ಸಂಶಯ. ಬೇರೆ ಕಡೆ ಮತ್ತೊಂದು ಇಸಿಜಿ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಕೂಡಿದ ಅಂಕಗಳನ್ನೇ ಮತ್ತೆ ಮತ್ತೆ ಕೂಡುತ್ತಿದ್ದೆ. ಮಗಳು ಒಂದು ದಿನ, “ಅವ್ವಾ, ನಾ ಮಾತಾಡಿದ್ದು ಏನು ಕೇಳ್ದಿ ಹೇಳು?” ಅಂದಳು. ಹೇಳಲಾಗಲಿಲ್ಲ. ಅವಳು ಎದ್ದು ಒಳಗೆ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ನಡುರಾತ್ರಿ, ಅಡುಗೆಮನೆಯಲ್ಲಿ ಕತ್ತಲಲ್ಲೇ ಕೂತು 14416ಕ್ಕೆ ಫೋನು ಮಾಡಿದೆ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಮಕ್ಕಳಿಗಾಗಿ ನಾನೇ ಹಚ್ಚಿದ್ದ ನಂಬರು ಅದು. ಟೆಲಿ ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಡೀ ದೇಶದ ಈ ವ್ಯವಸ್ಥೆಯ ಮೇಲ್ವಿಚಾರಣೆ ಬೆಂಗಳೂರಿನ ನಿಮ್ಹಾನ್ಸ್‌ದು. ಆ ಕಡೆ ಒಬ್ಬ ಹೆಣ್ಣುಮಗಳು. ನಾನು ಅತ್ತುಬಿಟ್ಟೆ, ಹೇಳಿದೆ, ಮತ್ತೆ ಅತ್ತುಬಿಟ್ಟೆ. ಆಕೆ ತಡೆಯಲಿಲ್ಲ. ಎಲ್ಲ ಕೇಳಿಯಾದ ಮೇಲೆ, “ಈಗ ಎಲ್ಲಿ ಕೂತಿದ್ದೀರಿ ಮೇಡಂ?” ಅಂದಳು. ಅಡುಗೆಮನೆಯಲ್ಲಿ. “ಕಾಲ ಕೆಳಗೆ ಏನಿದೆ?” ಶಹಾಬಾದಿ ಫರಸಿ. “ಹೇಗಿದೆ?” ತಣ್ಣಗಿದೆ. “ಪಾದ ಪೂರ್ತಿ ಊರಿ. ಇನ್ನೇನು ಕೇಳಿಸುತ್ತಿದೆ?” ಫ್ರಿಜ್ಜಿನ ಸದ್ದು, ದೂರದಲ್ಲಿ ನಾಯಿ, ಒಳಗೆ ಅವರ ಗೊರಕೆ. “ಈ ಕ್ಷಣಕ್ಕೆ ಇಷ್ಟೇ ಇದೆ ಅಲ್ಲವಾ ಮೇಡಂ?” ಅಂದಳು. ನಾನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಕೆ ಫೋನು ಇಡಲೂ ಇಲ್ಲ. ಕೊನೆಗೆ, ಇದಕ್ಕೆ ಚಿಕಿತ್ಸೆ ಇದೆ, ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರನ್ನು ಕಾಣಿ ಅಂದಳು. ಆಕೆಯ ಹೆಸರು ನನಗೆ ಗೊತ್ತಿಲ್ಲ. ಆಕೆಗೆ ಒಳ್ಳೆಯದಾಗಲಿ.

ಯಾದಗಿರಿಗೆ ನಮ್ಮನೆಯವರೇ ನನ್ನನ್ನು ಕರೆದುಕೊಂಡು ಹೋದರು. ಎದೆಯಲ್ಲಿ ಸ್ಟೆಂಟ್ ಇದ್ದವರು ನನ್ನ ಚೀಲ ಹಿಡಿದು ಮುಂದೆ, ಅವರ ಹಿಂದೆ ನಾನು. ಬಸ್ಸಿನಲ್ಲಿ ಅವರು ಒಂದು ಮಾತು ಅಂದರು: “ನೀ ನನ್ನ ಕಾಯಕತ್ತಿ, ಖರೆ ಅದ. ನನ್ನ ಜೋಡಿ ಕೂಡೋದು ಯಾವಾಗ?” ಭೀಮಾ ಸೇತುವೆ ದಾಟುವ ತನಕ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಡಾಕ್ಟರಿಗಿಂತ ಮೊದಲು ಕಾಯಿಲೆಯ ಬೇರನ್ನು ಮುಟ್ಟಿದವರು ಅವರೇ.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗುವ ಮುಂಚೆ ಇಂಥದ್ದಕ್ಕೆಲ್ಲ ನಮಗೆ ಕಲಬುರಗಿಯೇ ಗತಿ. ಜಿಲ್ಲೆಗೊಂದು ಮಾನಸಿಕ ಆರೋಗ್ಯದ ತಂಡ ಇರಬೇಕು ಅನ್ನುವ ವಿಚಾರ ಬೆಳೆದದ್ದೂ ನಮ್ಮ ಸೀಮೆಯಲ್ಲೇ ಅಂತ ಆಮೇಲೆ ತಿಳಿಯಿತು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸಿ ಔಷಧ ಕೊಡುವ ತರಬೇತಿ ಕೊಟ್ಟರು. ಅದು ನಡೆಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಭಾರತ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಇಡೀ ದೇಶ ನೋಡಿ ಕಲಿತ ಕೆಲಸ ಬಳ್ಳಾರಿಯದು. ನಮ್ಮ ಭಾಗವನ್ನು ಹಿಂದುಳಿದದ್ದು ಅನ್ನುವಾಗ ಇದನ್ನೂ ಜೊತೆಗೆ ಹೇಳಬೇಕು.

ಡಾಕ್ಟರು ನನ್ನ ಮಾತೆಲ್ಲ ಕೇಳಿ ಒಂದು ಪ್ರಶ್ನೆ ಕೇಳಿದರು: ರಾತ್ರಿ ಕಾಯುವುದನ್ನು ಬಿಟ್ಟರೆ ಏನಾಗುತ್ತದೆ ಅನ್ನಿಸುತ್ತದೆ? ನಾನು ಬಿಟ್ಟ ರಾತ್ರಿಯೇ ಅದು ಬರುತ್ತದೆ ಅಂದೆ. ಜೋರಾಗಿ ಹೇಳಿದಾಗಲೇ ಆ ಮಾತು ನನಗೂ ಪೂರ್ತಿ ಕೇಳಿಸಿದ್ದು. ಅವರು ಹೇಳಿದ್ದು ಹೀಗೆ: ನೀವು ಎಚ್ಚರಿದ್ದ ಪ್ರತಿ ರಾತ್ರಿಯೂ ಏನೂ ಆಗಿಲ್ಲ. ಮನಸ್ಸು ಅದನ್ನು, ನಾನು ಎಚ್ಚರಿದ್ದದ್ದಕ್ಕೇ ಏನೂ ಆಗಲಿಲ್ಲ ಅಂತ ಬರೆದುಕೊಳ್ಳುತ್ತದೆ. ಹೀಗೆ ಬರೆದುಕೊಂಡ ಹಾಗೆಲ್ಲ ಕಾವಲು ಗಟ್ಟಿಯಾಗುತ್ತದೆ. ನಿಮ್ಮ ಗಂಡನನ್ನು ಉಳಿಸುತ್ತಿರುವುದು ಸ್ಟೆಂಟು, ಮಾತ್ರೆ, ನಡಿಗೆ, ಉಪ್ಪು ಎಣ್ಣೆ ಕಡಿಮೆ ಮಾಡಿದ ಅಡುಗೆ. ಚಿಂತೆಗೆ ಇದರಲ್ಲಿ ಕೆಲಸವಿಲ್ಲ.

ಕೇಳಲು ಸರಳ. ಆದರೆ ನನಗೆ ಇದು ಪ್ರೀತಿಯ ಪ್ರಶ್ನೆಯಾಗಿತ್ತು. ಚಿಂತೆ ಬಿಡುವುದೆಂದರೆ ಅವರನ್ನು ನಡುದಾರಿಯಲ್ಲಿ ಬಿಟ್ಟು ಬಂದಂತೆ ಅನ್ನಿಸುತ್ತಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳದೆ ಕಲಿಸುವ ಪಾಠ ಇದು. ಮನೆಯವರಿಗಾಗಿ ಯಾರು ಹೆಚ್ಚು ಕೊರಗುತ್ತಾರೋ ಅವರದೇ ಹೆಚ್ಚು ಮಮತೆ. ಮಗ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ತಾಯಿ ಊಟ ಬಿಟ್ಟರೆ ಜನ ಮೆಚ್ಚುತ್ತಾರೆ, ಉಂಡು ಮಲಗಿದರೆ ಕಲ್ಲೆದೆ ಅನ್ನುತ್ತಾರೆ. ಈ ಪಾಠವನ್ನು ಮರೆಯುವುದು ಮಾತ್ರೆ ನುಂಗುವುದಕ್ಕಿಂತ ಎಷ್ಟೋ ಕಷ್ಟ.

ಮಾತ್ರೆಯನ್ನೂ ತೆಗೆದುಕೊಂಡೆ. ಎಸ್ಸಿಟಾಲೋಪ್ರಾಮ್, ಕಡಿಮೆ ಪ್ರಮಾಣದಲ್ಲಿ. ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲು ಹೊಟ್ಟೆ ತೊಳಸಬಹುದು, ನಡುವೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಅಂದರು. ಹಾಗೆಯೇ ಆಯಿತು. ಮೊದಲ ವಾರ ವಾಕರಿಕೆ, ಆಮೇಲೆ ನಿಧಾನಕ್ಕೆ ಎದೆಯ ಡವಡವ ಇಳಿಯಿತು. ಮಾತ್ರೆ ವಿಚಾರಗಳನ್ನು ಅಳಿಸಲಿಲ್ಲ. ಅವುಗಳ ಜೊತೆ ಕೆಲಸ ಮಾಡುವಷ್ಟು ನಿದ್ದೆಯನ್ನೂ ಶಕ್ತಿಯನ್ನೂ ಕೊಟ್ಟಿತು. ಮನಸ್ಸಿನ ಮಾತ್ರೆ ಅಂದ ಕೂಡಲೆ ಹುಚ್ಚು ಅನ್ನುವ ನಮ್ಮ ಓಣಿಗಳಲ್ಲಿ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಶುಗರ್ ಮಾತ್ರೆಯನ್ನು ಎಲ್ಲರೆದುರು ನುಂಗುವ ನಾವು ಇದನ್ನು ಮಾತ್ರ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತೇವೆ.

ಕೌನ್ಸೆಲಿಂಗ್ ಮಾಡುವವರು ಎರಡು ಕೆಲಸ ಕೊಟ್ಟರು. ಒಂದು, ರಾತ್ರಿ ಮೊಬೈಲ್ ಬೆಳಕು ಹಾಯಿಸುವುದನ್ನು ಬಿಡುವುದು. ಒಮ್ಮೆಲೇ ಬೇಡ, ಮೊದಲು ಐದು ನಿಮಿಷದ ಬದಲು ಹದಿನೈದು, ಆಮೇಲೆ ಅರ್ಧ ತಾಸು, ಆಮೇಲೆ ಮೊಬೈಲು ಅತ್ತೆಯ ಕೋಣೆಯಲ್ಲಿ. ಆ ನಡುವಿನ ಹೊತ್ತು ಬೆಂಕಿಯ ಮೇಲೆ ಕೂತ ಹಾಗಿರುತ್ತಿತ್ತು. ಆದರೆ ಹೆದರಿಕೆಗೆ ಒಂದು ಸ್ವಭಾವ ಇದೆ, ಏನೂ ಮಾಡದೆ ಕೂತರೆ ಅದು ಏರಿ, ನಿಂತು, ತಾನೇ ಇಳಿಯುತ್ತದೆ. ಇದನ್ನು ಯಾರ ಮಾತಿನಿಂದಲೂ ನಂಬಲಾಗುವುದಿಲ್ಲ. ಕತ್ತಲಲ್ಲಿ ಹಲ್ಲು ಕಚ್ಚಿ ಮಲಗಿ ನೋಡಿಯೇ ನಂಬಬೇಕು.

ಎರಡನೆಯದು, ಚಿಂತೆಗೆ ಒಂದು ಹೊತ್ತು. ಸಂಜೆ ಐದೂವರೆಯಿಂದ ಆರರ ತನಕ, ಮಾಳಿಗೆಯ ಮೆಟ್ಟಿಲ ಮೇಲೆ, ದಿನಾ ಅದೇ ಜಾಗ. ಹಗಲು ಯಾವ ವಿಚಾರ ಬಂದರೂ ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಐದೂವರೆಗೆ ನೋಡೋಣ ಅಂತ ಮುಂದೆ ಹಾಕುವುದು. ವಿಚಾರ ಮಾಡಬೇಡ ಅನ್ನದೆ, ಆಮೇಲೆ ಮಾಡು ಅಂದದ್ದು ನನಗೆ ಹಿಡಿಸಿತು. ಯಾವ ಚಿಂತೆಯನ್ನೂ ಬಿಟ್ಟುಕೊಟ್ಟ ಹಾಗಾಗುವುದಿಲ್ಲವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ತನ್ನ ಸಂಗಡಿಗರ ಜೊತೆ ಪರೀಕ್ಷಿಸಿ ಪ್ರಕಟಿಸಿದ ಉಪಾಯ ಇದು ಅಂತ ಮುಂದೆ ಓದಿ ತಿಳಿದೆ. ನಾನು ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಕೈಯಿಂದ ಏನಾದರೂ ಮಾಡಬಹುದಾದ ಚಿಂತೆ, ಬಲಕ್ಕೆ ಉಳಿದದ್ದು. ಅಂಗಡಿಯ ಹುಡುಗನಿಗೆ 108 ಗೊತ್ತೇ ಅನ್ನುವುದು ಎಡಕ್ಕೆ. ಒಂದು ಸಂಜೆ ಅವನನ್ನು ಕೂರಿಸಿ ಕಲಿಸಿದೆ, ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಹಚ್ಚಿದೆವು. ಉದ್ರಿ ಪುಸ್ತಕದ ಲೆಕ್ಕ ನಾನೇ ಕಲಿತೆ. ಎಡಗಡೆ ಹೀಗೆ ಖಾಲಿಯಾಗುತ್ತ ಬಂತು. ಬಲಗಡೆಯದನ್ನು ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಓದುತ್ತಿದ್ದೆ. ಮುಂಜಾನೆ ಕುತ್ತಿಗೆ ಹಿಡಿದ ವಿಚಾರ ಸಂಜೆ ಓದುವಾಗ ಎಷ್ಟೋ ಸಲ ಒಂದು ಸಾಲು ಬರಹ ಮಾತ್ರವಾಗಿರುತ್ತಿತ್ತು. ಕೆಲವು ಹಾಗಿರುತ್ತಿರಲಿಲ್ಲ, ಅಳು ಬರುತ್ತಿತ್ತು. ಆರಕ್ಕೆ ಏಳುತ್ತಿದ್ದೆ.

ವಿಚಾರವನ್ನು ಒತ್ತಿ ಹಿಡಿದರೆ ಏನಾಗುತ್ತದೆ ಅನ್ನುವುದನ್ನು ಒಂಬತ್ತನೆಯ ತರಗತಿಯ ಮಕ್ಕಳ ಜೊತೆ ನೋಡಿದೆ. ಡೇನಿಯಲ್ ವೆಗ್ನರ್ ಅನ್ನುವವರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದಿದ್ದರಂತೆ. ನಮ್ಮ ಮಕ್ಕಳಿಗೆ ಬಿಳಿ ಕರಡಿ ಯಾಕೆ? ಬೋನಾಳ ಕೆರೆಯ ಕೊಕ್ಕರೆಯನ್ನು ಒಂದು ನಿಮಿಷ ನೆನೆಯಬೇಡಿ, ನೆನಪಾದರೆ ಬೆಂಚು ತಟ್ಟಿ ಅಂದೆ. ತರಗತಿಯೇ ತಮಟೆಯಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಟೀಚರ್, ಇಷ್ಟ್ ದಿನ ಕೊಕ್ಕರೆ ನೆಪ್ಪೇ ಇದ್ದಿಲ್ರಿ, ಈಗ ಹೋಗವಲ್ದು” ಅಂದ. ಅವನಿಗೆ ನಾನು ಹೇಳಿದ್ದು, ಅದನ್ನು ಓಡಿಸಬೇಡ, ಕೂತಿರಲಿ, ನೀನು ಲೆಕ್ಕ ಬಿಡಿಸು. ಹೇಳುವಾಗ ನನಗೇ ಹೇಳಿಕೊಂಡಂತಿತ್ತು.

ಈ ಕ್ಷಣದಲ್ಲಿ ಇರುವುದು ಅಂದರೆ ಕಣ್ಣು ಮುಚ್ಚಿ ಉಸಿರು ಗಮನಿಸುವುದು ಅಂತ ಎಲ್ಲರೂ ಹೇಳುತ್ತಾರೆ. ಒಬ್ಬ ಸಹೋದ್ಯೋಗಿ ಪ್ರೀತಿಯಿಂದ ಅದನ್ನು ಕಲಿಸಿದರು. ನನಗೆ ಅದು ಒಗ್ಗಲಿಲ್ಲ, ಕಷ್ಟ ಹೆಚ್ಚಾಯಿತು. ತಿಂಗಳುಗಟ್ಟಲೆ ಇನ್ನೊಬ್ಬರ ಉಸಿರನ್ನು ಕಾದವಳಿಗೆ ಉಸಿರೇ ಹೆದರಿಕೆಯ ಮನೆಯಾಗಿತ್ತು. ನನ್ನ ಉಸಿರಿನ ಮೇಲೆ ಗಮನ ಇಟ್ಟ ಕೂಡಲೆ, ಮುಂದಿನದು ಬರುತ್ತದೋ ಇಲ್ಲವೋ ಅನ್ನಿಸಿ ಬೆವರುತ್ತಿದ್ದೆ. ಇದನ್ನು ಹೇಳಲು ಸಂಕೋಚ ಇತ್ತು. ಆದರೆ ಕೌನ್ಸೆಲಿಂಗ್‌ನವರು, ಹಾಗಾದರೆ ಉಸಿರು ಬಿಡಿ, ಕೈ ಕಾಲು ಹಿಡಿಯಿರಿ ಅಂದರು. ಬುದ್ಧನ ಸತಿಪಟ್ಠಾನ ಬೋಧೆಯಲ್ಲೂ ಉಸಿರೊಂದೇ ಅಲ್ಲ, ನಡೆಯುವುದು, ನಿಲ್ಲುವುದು, ಉಣ್ಣುವುದು, ಕೈ ಚಾಚುವುದು ಎಲ್ಲವೂ ಎಚ್ಚರದ ಜಾಗಗಳೇ. 1979ರಲ್ಲಿ ಜಾನ್ ಕಬಾಟ್‌ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ನೋವಿನ ರೋಗಿಗಳಿಗೆ ಕಲಿಸತೊಡಗಿದ ಪದ್ಧತಿಗೂ ಬೌದ್ಧರ ಈ ಅಭ್ಯಾಸವೇ ಬುನಾದಿ. ಶಹಾಪುರದ ಗುಡ್ಡಗಳ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆಂದು ಜನ ಬಂದು ಫೋಟೊ ತೆಗೆದುಕೊಳ್ಳುತ್ತಾರೆ. ಹಣೆ, ಮೂಗು, ತುಟಿ, ಗದ್ದ, ಎಲ್ಲ ಆಗಸದ ಅಂಚಿಗೆ ಬರೆದಂತೆ. ಅದರ ಕೆಳಗೇ ವರ್ಷಗಟ್ಟಲೆ ಓಡಾಡಿದವಳು ನಾನು. ಅದನ್ನು ನಿಂತು ನೋಡಿದ್ದು ಚಿಕಿತ್ಸೆ ಶುರುವಾದ ಮೇಲೆ.

ನನಗೆ ಒಲಿದದ್ದು ರೊಟ್ಟಿ. ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಬಿಸಿ ಇರುವಾಗಲೇ ನಾದಬೇಕು. ಜೋಳಕ್ಕೆ ಗೋಧಿಯ ಜಿಗಿ ಇಲ್ಲ, ಆ ಬಿಸಿನೀರೇ ಅದನ್ನು ಹಿಡಿದಿಡುವುದು. ಬಡಿಯುವಾಗ ಎರಡೂ ಅಂಗೈ ಒಂದೇ ಭಾರ ಹಾಕಬೇಕು, ತಿರುಗಿಸುತ್ತ ಇರಬೇಕು. ಮನಸ್ಸು ಕಲಬುರಗಿಗೆ ಹೋಯಿತೋ, ಅಂಚು ಸೀಳುತ್ತದೆ. ಹಂಚಿಗೆ ಹಾಕಿ ಮೇಲೆ ಅರಿವೆಯಿಂದ ನೀರು ಸವರಿ, ನೀರು ಆರುವ ಹದ ನೋಡಿ ತಿರುವಬೇಕು. ಬೇಗ ತಿರುವಿದರೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಆ ಹದಕ್ಕೆ ಗಡಿಯಾರ ಇಲ್ಲ, ಅಲ್ಲೇ ಇದ್ದು ನೋಡಿದವರಿಗೆ ಮಾತ್ರ ಕಾಣುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸ, ಕೈ ತಾನಾಗಿ ಮಾಡುತ್ತಿತ್ತು, ತಲೆ ಎಲ್ಲೋ ಇರುತ್ತಿತ್ತು. ಈಗ ತಲೆಯನ್ನು ಕೈಯ ಹತ್ತಿರ ಕರೆತರುವುದೇ ನನ್ನ ಅಭ್ಯಾಸವಾಯಿತು. ಅದು ಓಡುತ್ತದೆ, ಅಂಗೈಯ ಬಿಸಿಗೆ ಕರೆತರುತ್ತೇನೆ, ಮತ್ತೆ ಓಡುತ್ತದೆ. ಓಡುವುದು ಮನಸ್ಸಿನ ಗುಣವೇ. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ಮಂದಿಯನ್ನು ಯಾವುದೋ ಒಂದು ಹೊತ್ತಿನಲ್ಲಿ ಫೋನಿನ ಮೂಲಕ ಕೇಳಿ ನೋಡಿದಾಗ, ಸುಮಾರು ಶೇ 47ರಷ್ಟು ಹೊತ್ತು ಜನರ ಮನಸ್ಸು ಕೈಲಿದ್ದ ಕೆಲಸದಲ್ಲಿ ಇರಲಿಲ್ಲ. ಇದನ್ನು ಓದಿದ ಮೇಲೆ ನನ್ನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ದಾಸಿಮಯ್ಯನೂ ಮಗ್ಗದಾಗ ಕೂತೇ ದೇವ್ರನ್ನ ಕಂಡಾನವ್ವ” ಅಂದರು. ತವರಿನ ಹೆಮ್ಮೆಯ ಮಾತು, ನನಗೆ ಬೇಕಾದ ಮಾತೂ ಹೌದು.

ಸಂಜೆ ಅವರ ಜೊತೆ ನಡೆಯಲು ಶುರುಮಾಡಿದೆ. ಡಾಕ್ಟರು ಅವರಿಗೆ ದಿನಾ ನಡೆಯಲು ಹೇಳಿದ್ದರು. ನಮ್ಮೂರಿನ ಟೇಲರ್ ಮಂಜಿಲ್ ಬಂಗಲೆಯ ಕಡೆಗೆ ಏರುವ ದಾರಿ. ಮೊದಮೊದಲು ಅವರ ಏದುಸಿರಿಗೆ ಕಿವಿ ಕೊಟ್ಟೇ ನಡೆಯುತ್ತಿದ್ದೆ. ಆಮೇಲೆ ಮಾತು ಬಂತು. ಯಾವ ಹೊಲಕ್ಕೆ ಯಾವ ಬೀಜ, ಈ ಸಲ ತೊಗರಿಗೆ ಗೊಡ್ಡು ರೋಗ ಬಂದೀತೇ, ಮಗಳು ಏನು ಓದಬೇಕು ಅನ್ನುತ್ತಾಳೆ. ಜೋಡಿ ಕೂಡೋದು ಯಾವಾಗ ಅಂತ ಅವರು ಬಸ್ಸಿನಲ್ಲಿ ಕೇಳಿದ್ದಕ್ಕೆ ನಾನು ಬಾಯಿಂದ ಉತ್ತರ ಕೊಡಲಿಲ್ಲ.

ನನ್ನ ಚೇತರಿಕೆ ನೇರವಾಗಿ ಏರುವ ದಾರಿಯಾಗಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂದರು. ರೈತರ ಕೈಯಲ್ಲಿ ದುಡ್ಡಿಲ್ಲ ಅಂದರೆ ಬೀಜದಂಗಡಿಯ ಉದ್ರಿ ಬರುವುದಿಲ್ಲ. ನಮ್ಮನೆಯವರು ಮಾತು ಕಡಿಮೆ ಮಾಡಿದರು, ನನಗೆ ರಾತ್ರಿಗಳು ಮತ್ತೆ ಉದ್ದವಾದವು. ಮಾತ್ರೆ ಕಡಿಮೆ ಮಾಡುವ ಮಾತಾಗಿತ್ತು, ಡಾಕ್ಟರು ಮುಂದೆ ಹಾಕಿದರು. ಸೋತೆ ಅನ್ನಿಸಲಿಲ್ಲ. ಹಳೆಯ ನೋಟ್‌ಬುಕ್ ಮುಗಿದಿತ್ತು, ಹೊಸದು ತಂದೆ. ಮುಂದೆ ಪುನೀತ್ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ ಶುರುವಾಯಿತು. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ಕಡೆಯ ತಜ್ಞರು ಅದನ್ನು ನೋಡಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ಯೋಜನೆ, ಹಂತ ಹಂತವಾಗಿ ರಾಜ್ಯಕ್ಕೆಲ್ಲ. ನೂರು ಕಿಲೋಮೀಟರ್ ದೂರದ ಊರುಗಳಿಗೆ ಇದರ ಬೆಲೆ ಗೊತ್ತು. ಅದರ ವಿವರವನ್ನು ಎಡಗಡೆಯ ಪಟ್ಟಿಯಲ್ಲಿ ಬರೆದಿಟ್ಟೆ.

ಮಾತ್ರೆಯನ್ನು ಡಾಕ್ಟರ ಮಾತಿನಂತೆ ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಿ ಆಗಿತ್ತು. ಆಗ ಬಂತು 2025ರ ಜೂನ್, ಜುಲೈ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ, ಚಿಕ್ಕ ವಯಸ್ಸಿನವರು, ಒಂದರ ಮೇಲೊಂದು. ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ನಸುಕಿನಲ್ಲೇ ಸಾಲು. ಸ್ಟಾಫ್ ರೂಮಿನಲ್ಲೂ, ಬಸ್ಸಿನಲ್ಲೂ ಅದೇ ಮಾತು. ಮೊಬೈಲಿನ ತುಂಬ ಅದೇ ವಿಡಿಯೊ. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಆಮೇಲೆ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ತಿಳಿದ ಕಾರಣಗಳೇ ಹೆಚ್ಚಿನವಕ್ಕೆ ಇವೆ ಅಂತ ವರದಿ ಕೊಟ್ಟಿತು. ವರದಿ ಬರುವ ಮುಂಚಿನ ಆ ದಿನಗಳಲ್ಲಿ ಇಡೀ ರಾಜ್ಯವೇ ನನ್ನ ಹಳೆಯ ರಾತ್ರಿಗಳಲ್ಲಿ ಮಲಗಿದಂತೆ ಕಂಡಿತು. ನನಗೂ ಹೊಟ್ಟೆಯಲ್ಲಿ ಆ ಪರಿಚಯದ ಸಂಕಟ ಎದ್ದಿತು. ಸುದ್ದಿಯನ್ನು ಐದೂವರೆಗೆ ಮುಂದೆ ಹಾಕಿದೆ. ಅವರ ತಪಾಸಣೆಯ ತಾರೀಕು ಹತ್ತಿರವೇ ಇತ್ತು, ಕಲಬುರಗಿಗೆ ಹೋದೆವು. 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ 371 ಹಾಸಿಗೆಗಳ ಹೊಸ ಜಯದೇವ ಕಟ್ಟಡ. ಎಲ್ಲ ಚೆನ್ನಾಗಿದೆ ಅಂದರು. ಇನ್ನೊಂದು ಕಡೆ ತೋರಿಸೋಣ ಅನ್ನುವ ಮಾತು ನನ್ನ ಬಾಯಿಗೆ ಬಂತು, ಹೇಳಲಿಲ್ಲ. ಬರುವಾಗ ಕಟ್ಟಿಸಂಗಾವಿ ಸೇತುವೆಯ ಮೇಲೆ ಅವರು ಹೊಳೆ ನೋಡು ಅಂದರು. ಭೀಮೆ ತುಂಬಿ ಕೆಂಪಾಗಿ ಹರಿಯುತ್ತಿದ್ದಳು. ನೋಡಿದೆ.

ಈಗ ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾಳೆ. ಅವಳ ಮಗ ಪುಣೆಗೆ ದುಡಿಯಲು ಹೋದಾಗಿನಿಂದ ದಿನಕ್ಕೆ ಹತ್ತಾರು ಸಲ ಫೋನು ಹಚ್ಚುತ್ತಾಳೆ, ಎತ್ತದಿದ್ದರೆ ಬೀದಿಗೆ ಬಂದು ನಿಲ್ಲುತ್ತಾಳೆ. ಜನ ಆಕೆಗೆ ಅದೇ ಬುದ್ಧಿಮಾತು ಹೇಳುತ್ತಿದ್ದಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ಕೂರುವ ಮನೋಚೈತನ್ಯ ಅನ್ನುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅದು ವಾರಕ್ಕೊಂದು ದಿನಕ್ಕೆ ನಿಲ್ಲದೆ ಪ್ರತಿ ತಾಲೂಕಿನಲ್ಲೂ ದಿನಾ ಒಬ್ಬ ಕೌನ್ಸೆಲರ್ ಕೂರುವಂತಾಗಬೇಕು. ದುಡಿಯಲು ಹೊರಗೆ ಹೋದವರ ಮನೆಗಳೇ ತುಂಬಿರುವ ಈ ಜಿಲ್ಲೆಗೆ ಅದು ಬೇಕೇ ಬೇಕು. ಅಲ್ಲಿಯ ತನಕ ಕಾಯಲಾಗುವುದಿಲ್ಲ. ಆಕೆಗೆ ನನ್ನ ಕಥೆ ಹೇಳಿದೆ. ಮೊದಲು, “ನೀವು ಸಾಲಿ ಕಲಿಸೋರು, ನಿಮಗ್ಯಾಕ ಇದು?” ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಿದಳು. ಬರುವ ಮಂಗಳವಾರ ರಜೆ ಹಾಕಿದ್ದೇನೆ, ಆಕೆಯನ್ನು ಕರೆದುಕೊಂಡು ಹೋಗುತ್ತೇನೆ.